ಬೇರೆ ಸಿನಿಮಾ

ಸಿನಿಮಾ ಮಾಡಲು ಬಂದವರು ಮೊದಲು ಮಾಡಿದ ಕೆಲಸವೆಂದರೆ ಮೂಗು ಮುಚ್ಚಿಕೊಂಡದ್ದು.

ಅದರಲ್ಲಿ ತಪ್ಪೇನೂ ಇಲ್ಲ. ಆಸ್ಪತ್ರೆಯ ಲಾಂಡ್ರಿ ಇರುವುದು ನೆಲಮಾಳಿಗೆಯಲ್ಲಿ, ಹೆಣಗಳನ್ನಿಡುವ ಕೋಣೆಯ ಪಕ್ಕದಲ್ಲಿ. ಹೆಣಗಳಿಗೆ ಎ.ಸಿ. ಇದೆ. ಲಾಂಡ್ರಿಗೆ ಇಲ್ಲ. ಮೇಲಿನ ಅಷ್ಟೂ ಮಹಡಿಗಳ ರಕ್ತ, ಕೀವು, ವಾಂತಿ, ಹೇಲು, ಉಚ್ಚೆ ಗಂಟು ಕಟ್ಟಿಸಿಕೊಂಡು ಇಲ್ಲಿಗೇ ಇಳಿದು ಬರುತ್ತವೆ. ಗಂಟು ಬಿಚ್ಚುವವರಿಗೆ ಮೂಗು ಇರಬಾರದು. ಇಲ್ಲಿನ ಹೆಂಗಸರು ಕೆಲಸಕ್ಕೆ ಸೇರಿದ ವಾರದಲ್ಲೇ ಅದನ್ನು ಮನೆಯಲ್ಲಿ ಬಿಟ್ಟು ಬರುವುದನ್ನು ಕಲಿತವರು.

"ವಾಸನೆ ಸಿನಿಮಾದಲ್ಲಿ ಬರಲ್ಲ, ಬಿಡಿ," ಎಂದಳು ಸಿನಿಮಾ ಮೇಡಂ ಕರವಸ್ತ್ರದೊಳಗಿಂದ. ಅದೊಂದು ಒಳ್ಳೆಯ ಸುದ್ದಿ ಎಂಬಂತೆ.

"ಅದೊಂದು ಬಂದಿದ್ರೆ ಬೇರೇನೂ ತೋರಿಸೋದೇ ಬೇಡವಾಗಿತ್ತು, ಮೇಡಂ," ಎಂದಳು ಸೀಟಿ.

ಸೀಟಿ ಎಂಬುದು ಅವಳ ಹೆಸರಲ್ಲ. ಲಾಂಡ್ರಿಯ ಮಧ್ಯದಲ್ಲಿ ಆನೆಯಂತೆ ನಿಂತಿರುವ ಒಗೆಯುವ ಮೆಷಿನ್ ಓಡುತ್ತಿದ್ದ ಕಾಲದಲ್ಲಿ ಅದರ ಗದ್ದಲಕ್ಕೆ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಇವಳು ಎರಡು ಬೆರಳು ಬಾಯಿಗಿಟ್ಟು ಸೀಟಿ ಹೊಡೆಯುತ್ತಿದ್ದಳು. ಗಿಡ್ಡ ಸೀಟಿ ಹೊಡೆದರೆ ಹೊಸ ಗಂಟು ಬಂತೆಂದು. ಉದ್ದ ಸೀಟಿ ಹೊಡೆದರೆ ಕೈ ಬಿಡಿ, ಬಟ್ಟೆಯಲ್ಲಿ ಸೂಜಿ ಇದೆ ಎಂದು. ಆಪರೇಷನ್ ಮಾಡುವವರು ಮನುಷ್ಯರ ಹೊಟ್ಟೆಯೊಳಗೆ ಏನನ್ನೂ ಮರೆತು ಬಿಡದಂತೆ ಎರಡೆರಡು ಸಲ ಎಣಿಸುತ್ತಾರಂತೆ. ಬಟ್ಟೆಯೊಳಗೆ ಬಿಟ್ಟದ್ದನ್ನು ಯಾರೂ ಎಣಿಸುವುದಿಲ್ಲ. ಅದು ಲಾಂಡ್ರಿಯವರ ಕೈಗೆ ಸಿಗುತ್ತದೆ. ಸಿಗುತ್ತದೆ ಎಂದರೆ ಚುಚ್ಚುತ್ತದೆ.

ಮೆಷಿನ್‌ಗೆ ಬೆರಳುಗಳಿಲ್ಲ. ಅದು ಓಡುತ್ತಿದ್ದಾಗ ಗಂಟು ಬಿಚ್ಚಿ ಅದರ ಬಾಯಿಗೆ ಸುರಿದರೆ ಮುಗಿಯುತ್ತಿತ್ತು. ಕಣ್ಣಿಗೆ ಬೀಳದ ಸೂಜಿಗಳು ಅದರ ತಳದಲ್ಲಿ ಉಳಿಯುತ್ತಿದ್ದವು. ಈಗ ಅದು ಕೆಟ್ಟು ಬಹಳ ಕಾಲವಾಗಿತ್ತು. ರಿಪೇರಿ ಮಾಡಿಸುತ್ತೇವೆ ಎಂದು ಹೇಳಿ ಹೇಳಿ ಹೇಳಿದವರ ನಾಲಿಗೆ ಸವೆದಿತ್ತು. ಹೆಂಗಸರು ಸಿಮೆಂಟ್ ತೊಟ್ಟಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಕೈಯಿಂದ ಉಜ್ಜುತ್ತಿದ್ದರು. ಬ್ಲೀಚಿಂಗ್ ಪುಡಿಗೆ ಗ್ಲೌಸು ವಾರದಲ್ಲಿ ಹರಿಯುತ್ತಿತ್ತು. ಹೊಸದು ತಿಂಗಳಿಗೊಮ್ಮೆ ಬರುತ್ತಿತ್ತು. ನಡುವಿನ ದಿನಗಳಲ್ಲಿ ಹರಿಯುತ್ತಿದ್ದದ್ದು ಚರ್ಮ.

ಹಾಗಿದ್ದ ಒಂದು ದಿನ ಸೀಟಿಯ ಸ್ವಂತ ಅಕ್ಕನ ತೋರುಬೆರಳಿಗೆ ಸೂಜಿ ಹೊಕ್ಕಿತು. ಇಡೀ ಲಾಂಡ್ರಿಗೇ ಅವಳು ಅಕ್ಕ. ಬೆರಳು ಊದಿ ಬದನೆಕಾಯಿಯಾಯಿತು. ಅದೇ ಆಸ್ಪತ್ರೆಯ ಮೇಲಿನ ಮಹಡಿಗೆ ಹೋಗಿ ಕೈ ಚಾಚಿದರೆ, "ನೀವು ಕಾಂಟ್ರಾಕ್ಟ್‌ನವರು, ಹೊರಗೆ ತೋರಿಸ್ಕೊಳ್ಳಿ" ಎಂದರು. ಹೊರಗೆ ಯಾರೋ ಕೊಯ್ದರು. ಕೆಟ್ಟ ರೋಗವೇನೂ ಅಂಟಲಿಲ್ಲ ಎಂದು ಖಾತ್ರಿಯಾಗುವ ತನಕ ಅಕ್ಕ ಮೊಮ್ಮಗಳನ್ನು ಎತ್ತಿಕೊಳ್ಳಲಿಲ್ಲ. ಬೆರಳು ಉಳಿಯಿತು. ಆದರೆ ಕೊಕ್ಕೆಯಂತೆ ಬಾಗಿ, ಮರಗಟ್ಟಿ ಉಳಿಯಿತು. ಅಕ್ಕ ಅದಕ್ಕೆ ಟಿಫಿನ್ ಚೀಲ ನೇತುಹಾಕಿಕೊಂಡು ಬಂದು, "ನೋಡ್ರೇ, ನಂಗೆ ಮಾತ್ರ ಸ್ಟ್ಯಾಂಡ್ ಫ್ರೀ" ಎನ್ನುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಸೀಟಿ ನಗುತ್ತಿರಲಿಲ್ಲ.

ಮೆಷಿನ್ ಬರುವ ತನಕ ರಕ್ತದ ಬಟ್ಟೆ ಮುಟ್ಟುವುದಿಲ್ಲ ಎಂದು ಹೆಂಗಸರೆಲ್ಲ ತೀರ್ಮಾನಿಸಿದ್ದು ಆಗ. ಅದರ ಸುಳಿವು ಹತ್ತಿದ್ದೇ ಆಡಳಿತಾಧಿಕಾರಿ ನೆಲಮಾಳಿಗೆಗೆ ಇಳಿದು ಬಂದ. ಅವನಿಗೆ ಇಲ್ಲಿ ಇಸ್ತ್ರಿ ಸಾಹೇಬ ಎಂದು ಹೆಸರು. ಅವನ ಅಂಗಿಗಳು ಆಸ್ಪತ್ರೆಯ ಬಟ್ಟೆಯ ಜೊತೆಯಲ್ಲೇ ಬಂದು, ಇಲ್ಲೇ ಒಗೆಸಿಕೊಂಡು, ಇಲ್ಲೇ ಗರಿಗರಿಯಾಗಿ ಹೋಗುತ್ತಿದ್ದವು. ಪುಕ್ಕಟೆ.

"ದುಡುಕಬೇಡಿ," ಎಂದ. "ಡಾಕ್ಯುಮೆಂಟರಿಯವರು ಬರ್ತಿದ್ದಾರೆ. ಕ್ಯಾಮೆರಾ ಮುಂದೆ ನಿಮ್ಮ ಕಷ್ಟಾನೆಲ್ಲ ಹೇಳ್ಕೊಳ್ಳಿ. ದಾನಿಗಳು ನೋಡ್ತಾರೆ. ಅವರ ಮನಸ್ಸು ಕರಗಿದ್ರೆ ಮೆಷಿನ್ ಬಂತು ಅಂತಲೇ ತಿಳ್ಕೊಳ್ಳಿ."

"ಡಾಕ್ಯುಮೆಂಟರಿ ಅಂದ್ರೆ?" ಎಂದು ಕೇಳಿದಳು ಟೈಲರಜ್ಜಿ. ಹರಿದ ಬೆಡ್‌ಶೀಟುಗಳಿಗೆ ಹೊಲಿಗೆ ಹಾಕುವ ಮುದುಕಿ.

"ನಿಜವಾದ ಸಿನಿಮಾ ಅಜ್ಜಿ. ಆ್ಯಕ್ಟಿಂಗ್ ಇರಲ್ಲ. ಸುಳ್ಳು ಇರಲ್ಲ."

ಹೆಂಗಸರು ಒಪ್ಪಿ ತೊಟ್ಟಿಯ ಮುಂದೆ ಮತ್ತೆ ಕೂತರು.

ಸಿನಿಮಾ ಮೇಡಂ ಕೆಟ್ಟವಳಲ್ಲ. ಬಂದ ತೊಂದರೆಯೇ ಅದು. ಕೆಟ್ಟವಳಾಗಿದ್ದರೆ ಮೊದಲ ದಿನವೇ ಎರಡು ಮಾತು ಅಂದು ಕಳಿಸಬಹುದಿತ್ತು. ಅವಳು ಒದ್ದೆ ನೆಲದ ಮೇಲೆ ಕೂತಳು. ಇವರ ಡಬ್ಬಿಯಿಂದಲೇ ಉಂಡಳು. ಎಲ್ಲರನ್ನೂ ತಬ್ಬಿಕೊಂಡಳು. ಟೈಲರಜ್ಜಿಯಂತೂ ಅವಳ ಪ್ಯಾಂಟಿನ ಎರಡೂ ಮೊಣಕಾಲು ಹರಿದದ್ದನ್ನು ನೋಡಿ ಮರುಗಿ, "ಬಿಚ್ಚಿ ಕೊಡು ಮಗಳೇ, ಒಂದು ಗಳಿಗೇಲಿ ತೇಪೆ ಹಾಕ್ತೀನಿ" ಎಂದಳು. ಅಂಗಡಿಯಲ್ಲಿ ಹರಿದೇ ಸಿಗುತ್ತದೆ, ಹರಿದದ್ದಕ್ಕೇ ಬೆಲೆ ಜಾಸ್ತಿ ಎಂದು ಗೊತ್ತಾದ ಮೇಲೆ ಅಜ್ಜಿ ಆ ದಿನವಿಡೀ ಯಾರೊಡನೆಯೂ ಮಾತಾಡಲಿಲ್ಲ.

ಮೊದಲ ದಿನ ಅಕ್ಕನನ್ನು ಕ್ಯಾಮೆರಾ ಮುಂದೆ ಕೂರಿಸಿದರು. ಅಕ್ಕ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಮೆಷಿನ್ ಕೆಟ್ಟದ್ದು, ಸೂಜಿ ಚುಚ್ಚಿದ್ದು, ಹೊರಗೆ ತೋರಿಸ್ಕೊಳ್ಳಿ ಎಂದದ್ದು, ಮೊಮ್ಮಗಳು ಕೈ ಚಾಚಿದಾಗ ತಾನು ಹಿಂದೆ ಸರಿದದ್ದು. ಆ ಕೊನೆಯದನ್ನು ಸೀಟಿ ಕೂಡ ಅಲ್ಲಿಯವರೆಗೆ ಕೇಳಿರಲಿಲ್ಲ. ಮೇಡಂ ಕಣ್ಣೊರೆಸಿಕೊಂಡಳು. ಕ್ಯಾಮೆರಾ ಹಿಡಿದವನೂ ಮೂಗೆಳೆದುಕೊಂಡ. ಸೀಟಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಇನ್ನು ಮೆಷಿನ್ ಬಂದ ಹಾಗೆಯೇ.

ಎರಡನೆಯ ದಿನದಿಂದ ಕೈಗಳ ಸರದಿ.

"ಅಕ್ಕಾ, ಬಟ್ಟೆ ಹಿಂಡೋದು ಇನ್ನೊಂದ್ಸಲ. ಸ್ವಲ್ಪ ನಿಧಾನಕ್ಕೆ."

ಅಕ್ಕ ಹಿಂಡಿದಳು.

"ಇನ್ನೊಂದ್ಸಲ ಅಕ್ಕಾ. ನೀರು ಬೀಳೋದು ಬೆಳಕಿಗೆ ಬರ್ಬೇಕು. ಆ ಬಾಗಿದ ಬೆರಳು ಇದೆಯಲ್ಲ, ಅದನ್ನ ಈ ಕಡೆ ತಿರುಗಿಸಿ. ವಾಹ್. ಎಂಥಾ ಬೆರಳು!"

"ಬೇಕಾದ್ರೆ ಇಟ್ಕೊಳ್ಳಮ್ಮ," ಎಂದಳು ಅಕ್ಕ. "ನಂಗೇನೂ ಉಪಯೋಗ ಇಲ್ಲ."

ರಕ್ತದ ಬಟ್ಟೆ ಕ್ಯಾಮೆರಾದಲ್ಲಿ ಚೆನ್ನಾಗಿ ಬರುತ್ತಿರಲಿಲ್ಲ. ನೋಡುವವರಿಗೆ ಹೊಟ್ಟೆ ತೊಳೆಸುತ್ತದೆ ಎಂದಳು ಮೇಡಂ. ಹಾಗಾಗಿ ಒಗೆದು ಒಣಗಿಸಿ ಮಡಿಚಿಟ್ಟಿದ್ದ ಬಿಳಿ ಬೆಡ್‌ಶೀಟುಗಳನ್ನು ತಂದು ಮತ್ತೆ ತೊಟ್ಟಿಗೆ ಹಾಕಿದರು. ಬೆಳಗಿನಿಂದ ಸಂಜೆಯವರೆಗೆ ಹೆಂಗಸರು ಒಗೆದ ಬಟ್ಟೆಯನ್ನೇ ಒಗೆದರು. ಕ್ಯಾಮೆರಾದ ಹಿಂದೆ, ಯಾರಿಗೂ ಕಾಣದ ಮೂಲೆಯಲ್ಲಿ, ನಿಜವಾದ ಗಂಟುಗಳು ಬೆಳೆಯುತ್ತಾ ಹೋದವು. ನಿಜವಾದ ಸಿನಿಮಾದವರು ಲೈಟು ಆರಿಸಿ ಹೋದ ಮೇಲೆ, ನಿಜವಾದ ಹೆಂಗಸರು ನಿಜವಾದ ಹೇಲು ತೊಳೆಯಲು ಕೂತರು. ಆ ಹೊತ್ತಿಗೆ ಕೂಲಿ ಇರಲಿಲ್ಲ. ಅದು ಸಿನಿಮಾಕ್ಕೆ ಸೇರಿದ್ದಲ್ಲ, ಆಸ್ಪತ್ರೆಗೂ ಸೇರಿದ್ದಲ್ಲ.

"ಕೆಲಸ ಮಾಡುವಾಗ ನೀವು ಹಾಡು ಹೇಳಲ್ವಾ?" ಎಂದು ಕೇಳಿದಳು ಮೇಡಂ ಇನ್ನೊಂದು ದಿನ. "ತಲೆಮಾರಿನಿಂದ ಬಂದ ಹಾಡು?"

"ಬಾಯಿ ತೆಗೆದ್ರೆ ಒಳಗೆ ಏನು ಹೋಗುತ್ತೆ ಅಂತ ಗೊತ್ತಾ?" ಎಂದಳು ಸೀಟಿ.

"ಒಂದೂ ಹಾಡಿಲ್ವಾ?"

"ಬೈಗುಳ ಇವೆ. ತಲೆಮಾರಿನಿಂದ ಬಂದಿವೆ. ಹೇಳ್ಲಾ?"

ಕೊನೆಯ ದಿನ ಮೇಡಂ ಲಾಂಡ್ರಿಯ ನಡುವೆ ನಿಂತು ಹುಬ್ಬು ಗಂಟಿಕ್ಕಿದಳು. "ಈ ಮೆಷಿನ್ ಎಲ್ಲಾ ಕಡೆ ಅಡ್ಡ ಬರ್ತಿದೆಯಲ್ಲ. ಏನಾದ್ರೂ ಹೊದಿಸೋಣ."

"ಅದು ಕೆಟ್ಟಿದೆ ಅಂತ ತೋರಿಸ್ಬೇಕಲ್ವಾ ಮೇಡಂ? ಅದಕ್ಕೇ ಅಲ್ವಾ ನಾವು ಇಷ್ಟೆಲ್ಲ ಕುಣಿದದ್ದು?" ಎಂದಳು ಸೀಟಿ.

"ಅಕ್ಕ ಎಲ್ಲಾ ಹೇಳಿದ್ದಾರಲ್ಲ. ಅದು ಬರುತ್ತೆ. ನೀವು ಹೊದಿಸಿ."

ಸೀಟಿಯೇ ಒಂದು ತುದಿ ಹಿಡಿದಳು. ಅಕ್ಕ ಇನ್ನೊಂದು ತುದಿ. ಹೆಣದ ಮೇಲೆ ಎಳೆಯುವ ಹಾಗೆ ಮೆಷಿನ್ ಮೇಲೆ ಬಿಳಿ ಬಟ್ಟೆ ಎಳೆದರು. ಆ ಬಟ್ಟೆ ಹಿಡಿದ ತನ್ನ ಕೈಯ ಮೇಲೆ ಸೀಟಿಗೆ ಆಮೇಲೆ ಬಂದ ಸಿಟ್ಟು, ಬೇರೆ ಯಾರ ಮೇಲೂ ಬರಲಿಲ್ಲ.

ಸಿನಿಮಾ ಸಿದ್ಧವಾದ ಮೇಲೆ ಮೇಡಂ ಅದನ್ನು ಮೊದಲು ಇವರಿಗೇ ತೋರಿಸಲು ಬಂದಳು. ಲ್ಯಾಪ್‌ಟಾಪನ್ನು ಇಸ್ತ್ರಿ ಮೇಜಿನ ಮೇಲಿಟ್ಟಳು. ಹೆಂಗಸರು ಒದ್ದೆ ಕೈ ಒರೆಸಿಕೊಂಡು ಸುತ್ತ ನಿಂತರು. ಸಿನಿಮಾದ ಹೆಸರು 'ಬಿಳುಪಿನ ತಾಯಂದಿರು'.

ನೀರು ಬಿತ್ತು, ಬೆಳಕಿನಲ್ಲಿ ಮುತ್ತಿನ ಹಾಗೆ. ಕೈಗಳು ಬಂದವು. ಬಟ್ಟೆ ಹಾರಿತು. ಎಲ್ಲಿಂದಲೋ ಒಂದು ಹೆಂಗಸಿನ ದನಿ ಹಾಡತೊಡಗಿತು.

"ಇವಳ್ಯಾರೇ?" ಎಂದಳು ಅಜ್ಜಿ. "ನಮ್ಮ ಜೊತೆ ಕೆಲಸಕ್ಕಿದ್ಳಾ?"

ಆಮೇಲೆ ಅಕ್ಕ ಬಂದಳು. ಅಕ್ಕನ ಬಾಯಿ ಆಡುತ್ತಿತ್ತು. ಮಾತು ಕೇಳುತ್ತಿರಲಿಲ್ಲ. ಅದರ ಮೇಲೆ ಗಂಭೀರವಾದ ಗಂಡು ದನಿಯೊಂದು ಹೇಳುತ್ತಿತ್ತು: ಯಂತ್ರಗಳು ಮುಟ್ಟದ ಲೋಕ ಇದು. ಇಲ್ಲಿ ಪ್ರೀತಿಯೇ ಸೋಪು, ಕೈಗಳೇ ಪ್ರಾರ್ಥನೆ. ಈ ತಾಯಂದಿರಿಗೆ ಯಾವ ದೂರೂ ಇಲ್ಲ.

ಅಕ್ಕನ ಬಾಗಿದ ಬೆರಳು ಪರದೆ ತುಂಬ ಬಂದು ನಿಂತಿತು. ಹಾಡು ಏರಿತು. ಹಿಂದೆ ಬಿಳಿ ಬಟ್ಟೆ ಹೊದ್ದ ಮೆಷಿನ್ ಬೆಳ್ಳಗಿನ ಬೆಟ್ಟದಂತೆ ಮಬ್ಬಾಗಿ ಕಂಡಿತು. ಮುಗಿಯಿತು.

ನಲ್ಲಿ ತೊಟ್ಟಿಕ್ಕುತ್ತಿತ್ತು.

"ನನ್ನ ಮಾತು?" ಎಂದಳು ಅಕ್ಕ.

"ಅಕ್ಕಾ, ಅದು ಎಷ್ಟು ಚೆನ್ನಾಗಿತ್ತು ಗೊತ್ತಾ? ಕತ್ತರಿಸಿ ತೆಗೀವಾಗ ನಂಗೆ ಅಳು ಬಂತು. ಆದ್ರೆ ಸೂಜಿ, ಮೆಷಿನ್, ಆಸ್ಪತ್ರೆ ಮೇಲೆ ಆರೋಪ... ಅದು..." ಮೇಡಂ ಮಾತಿಗಾಗಿ ಹುಡುಕಿದಳು. "ಅದು ಬೇರೆ ಸಿನಿಮಾ."

"ಆ ಬೆರಳು ಹೇಗೆ ಬಾಗ್ತು ಅಂತಾದ್ರೂ ಒಂದು ಮಾತು ಹಾಕಿ," ಎಂದಳು ಸೀಟಿ. "ಬರೀ ಬೆರಳು ತೋರಿಸಿದ್ರೆ ಹುಟ್ಟಿನಿಂದ್ಲೇ ಹಾಗಿತ್ತು ಅಂದ್ಕೋತಾರೆ."

"ನೋಡೋರೇ ಊಹಿಸ್ಕೋಬೇಕು. ಕಲೆ ಅಂದ್ರೆ ಹಾಗೇ."

"ಊಹೆ ಮಾಡಿ ಯಾರಾದ್ರೂ ಮೆಷಿನ್ ಕೊಡಿಸ್ತಾರಾ ಮೇಡಂ?"

ಉತ್ತರ ಸಿಕ್ಕಿದ್ದು ಇಸ್ತ್ರಿ ಸಾಹೇಬನಿಂದ. ಅವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. "ಕೈಕೆಲಸಕ್ಕೆ ಈಗ ಎಂಥಾ ಬೆಲೆ ಇದೆ ಗೊತ್ತಾ?" ಎಂದ ಖುಷಿಯಿಂದ. "ಮೊದಲೇ ಒಂದಿಬ್ಬರು ದಾನಿಗಳಿಗೆ ತೋರಿಸಿದೆ. ಇದನ್ನ ಹೀಗೇ ಕಾಪಾಡ್ಕೊಳ್ಳಿ ಅಂದ್ರು. ಮೆಷಿನ್ ವಿಷಯ ಸದ್ಯಕ್ಕೆ ಬೇಡ."

ಹೆಂಗಸರು ತಮ್ಮ ಕೈಗಳನ್ನು ಕೊಟ್ಟರು, ಬೆರಳು ಕೊಟ್ಟರು, ಅಕ್ಕ ಮೊಮ್ಮಗಳ ಕಥೆಯನ್ನೂ ಕೊಟ್ಟಳು. ಅಷ್ಟನ್ನೂ ತೆಗೆದುಕೊಂಡು ಹೋಗಿ ಅದರಿಂದಲೇ ಮೆಷಿನ್‌ಗೆ ಗೋರಿ ಕಟ್ಟಿದ್ದರು.

"ಇನ್ನೊಂದು ಚಿಕ್ಕ ಕೆಲಸ," ಎಂದಳು ಮೇಡಂ ಹೊರಡುವ ಮುಂಚೆ. ಅವಳ ಮುಖ ಸಣ್ಣದಾಗಿತ್ತು, ಆದರೆ ಹೊಸ ಯೋಚನೆಯೊಂದು ಅದನ್ನು ಮತ್ತೆ ಬೆಳಗಿಸಿತು. "ಮೇಲಿನ ಹಾಲ್‌ನಲ್ಲಿ ಪ್ರದರ್ಶನ ಇದೆಯಲ್ಲ, ಅದಕ್ಕೆ ಪರದೆ ಬಾಡಿಗೆಗೆ ತರೋದು ಬೇಡ. ನಿಮ್ಮ ಕೈಯಲ್ಲೇ ಒಗೆದ ಬೆಡ್‌ಶೀಟುಗಳನ್ನ ಸೇರಿಸಿ ಹೊಲಿದು ಕೊಡಿ. ನಿಮ್ಮ ಕಥೆ ನಿಮ್ಮ ಬಟ್ಟೆ ಮೇಲೇ ಮೂಡ್ಬೇಕು. ಸುತ್ತಿಡಿ. ಮುಖ್ಯ ಅತಿಥಿಗಳು ಹಗ್ಗ ಎಳೀತಾರೆ, ಅದು ಬಿಚ್ಚಿಕೊಳ್ಳುತ್ತೆ. ಹೇಗಿದೆ?"

"ಚೆನ್ನಾಗಿದೆ," ಎಂದಳು ಅಕ್ಕ.

ಅವರಿಬ್ಬರೂ ಹೋದ ಮೇಲೆ ಅಕ್ಕ ಬಾಗಿದ ಬೆರಳನ್ನು ಎತ್ತಿ ಮೂಲೆಯ ಕಡೆ ತೋರಿಸಿದಳು. "ನಮ್ಮ ಕೈಯಲ್ಲಿ ಒಗೆದವು ಅಂದ್ಲಲ್ಲ. ಅವೂ ನಮ್ಮ ಕೈಯಲ್ಲೇ ಒಗೆದವು ತಾನೇ?"

ಮೂಲೆಯಲ್ಲಿದ್ದದ್ದು ರಿಟೈರಾದ ಬೆಡ್‌ಶೀಟುಗಳ ರಾಶಿ. ಎಷ್ಟು ಉಜ್ಜಿದರೂ ಕಲೆ ಹೋಗದ ಬಟ್ಟೆಗೆ ಅಂಚಿನಲ್ಲಿ ಕಪ್ಪು ಶಿಲುಬೆಯಂಥ ಗುರುತು ಒತ್ತಿ ಪಕ್ಕಕ್ಕೆ ಎಸೆಯುತ್ತಾರೆ. ಆಮೇಲೆ ಹರಿದು ನೆಲ ಒರೆಸಲು ಕಳಿಸುತ್ತಾರೆ. ರಿಟೈರಾದವು ಎಂದು ಹೆಸರಿಟ್ಟದ್ದು ಅಜ್ಜಿ. ಪೆನ್ಶನ್ ಇಲ್ಲದ್ದರಲ್ಲೂ ಅವು ಅಜ್ಜಿಯ ಹಾಗೆಯೇ.

ಸೀಟಿ ರಾಶಿಯನ್ನೂ ಅಕ್ಕನನ್ನೂ ನೋಡಿದಳು. "ಕೆಲಸ ಹೋದ್ರೆ ಅಕ್ಕಾ?"

"ನಿನ್ನ ಬೆರಳು ಹೋದ್ರೆ?" ಎಂದಳು ಅಕ್ಕ. "ನಂದು ಹೋಯ್ತು, ಆಯ್ತು. ನಾನು ನೋಡ್ತಿರೋದು ನಿನ್ನ ಬೆರಳು. ಅದಿಲ್ದೆ ಸೀಟಿ ಹೆಂಗೆ ಹೊಡೀತೀಯ?"

ಅಜ್ಜಿ ಆಗಲೇ ದಾರ ಪೋಣಿಸುತ್ತಿದ್ದಳು.

ಅವರು ಆ ಬಟ್ಟೆಗಳನ್ನು ಕುದಿಸಿದರು, ಉಜ್ಜಿದರು, ಗಂಜಿ ಹಾಕಿದರು, ಇಸ್ತ್ರಿ ಮಾಡಿದರು. ಕೊಳೆ ಒಂದು ಚೂರೂ ಇರಲಿಲ್ಲ. ಕೆಲಸದಲ್ಲಿ ತಪ್ಪು ಹುಡುಕಲು ಯಾರಿಗೂ ಸಾಧ್ಯವಿರಲಿಲ್ಲ. ಅಜ್ಜಿ ಕಪ್ಪು ಗುರುತುಗಳೆಲ್ಲ ಎದುರಿಗೇ ಕಾಣುವಂತೆ ನೋಡಿಕೊಂಡು ಹೊಲಿದಳು. ಕೋಲಿಗೆ ಸುತ್ತಿ, ಹೊರಗೆ ಒಂದು ಸುತ್ತು ಅಚ್ಚ ಬಿಳಿ ಬಟ್ಟೆ ಬರುವಂತೆ ಮುಗಿಸಿ, ಮೇಲಕ್ಕೆ ಕಳಿಸಿದಳು. ಮೇಡಂ ಅದರ ಮೇಲೆ ಕೈಯಾಡಿಸಿ, "ಎಷ್ಟು ಶುಭ್ರ!" ಎಂದಳಂತೆ.

ಪ್ರದರ್ಶನದ ಮಧ್ಯಾಹ್ನ ಹೆಂಗಸರಿಗೆಲ್ಲ ಹೊಸ ನೀಲಿ ಕೋಟು ಕೊಟ್ಟರು. ಮುಗಿದ ಮೇಲೆ ಒಗೆದು ವಾಪಸ್ ಕೊಡಬೇಕು ಎಂದು ಜೊತೆಗೇ ಹೇಳಿದರು. ಲಿಫ್ಟಿನಲ್ಲಿ ದಾನಿಗಳು ಬರುತ್ತಿದ್ದುದರಿಂದ ಇವರು ಮೆಟ್ಟಿಲು ಹತ್ತಿದರು. ಅಜ್ಜಿಯನ್ನು ಪ್ರತಿ ಮಹಡಿಯಲ್ಲೂ ಕೂರಿಸಿ ಎಬ್ಬಿಸಬೇಕಾಯಿತು. ಹಾಲ್‌ನಲ್ಲಿ ಮೆತ್ತನೆಯ ಕುರ್ಚಿಗಳಿದ್ದವು. ಇವರಿಗೆ ಗೋಡೆ ಇತ್ತು. ಗೋಡೆಗೆ ಸಾಲಾಗಿ ನಿಂತು, ಚಪ್ಪಾಳೆ ಬಂದಾಗ ಕೈಮುಗಿಯಬೇಕು ಎಂದು ಇಸ್ತ್ರಿ ಸಾಹೇಬ ಹೇಳಿಕೊಟ್ಟಿದ್ದ.

ಕಿಟಕಿಯ ಪರದೆಗಳನ್ನು ಎಳೆದರು. ಕತ್ತಲಾಯಿತು. ಮುಖ್ಯ ಅತಿಥಿ ಹಗ್ಗ ಎಳೆದ. ಬಟ್ಟೆ ಧಡಧಡನೆ ಬಿಚ್ಚಿಕೊಂಡು ಇಳಿಯಿತು. ಚಪ್ಪಾಳೆ. ಪ್ರೊಜೆಕ್ಟರಿನ ಬೆಳಕು ಬಿತ್ತು.

'ಬಿಳುಪಿನ ತಾಯಂದಿರು' ಎಂಬ ಅಕ್ಷರಗಳು ಚಹಾ ಬಣ್ಣದ ಒಂದು ದೊಡ್ಡ ಕಲೆಯ ಮೇಲೆ ಮೂಡಿದವು.

ಮೊದಲು ಯಾರಿಗೂ ಏನೆಂದು ತಿಳಿಯಲಿಲ್ಲ. ಮುತ್ತಿನಂಥ ನೀರು ಒಣಗಿದ ರಕ್ತದ ಮೇಲೆ ಸುರಿಯಿತು. ಹಾರುವ ಬಟ್ಟೆಯ ತುಂಬ ಕಪ್ಪು ಶಿಲುಬೆಗಳು ಹಾರಿದವು. ಆಸ್ಪತ್ರೆಯ ಮುಖ್ಯಸ್ಥರು ಬಂದು ಸೇವೆಯ ಬಗ್ಗೆ ಎರಡು ಮಾತಾಡುವ ದೃಶ್ಯವಿತ್ತು. ಅವರ ಮೂಗಿನಿಂದ ಗದ್ದದ ತನಕ ಹಳದಿ ಮಿಶ್ರಿತ ಕಂದು ಬಣ್ಣದ್ದೇನೋ ಅಂಟಿಕೊಂಡಿತ್ತು. ಅದು ಯಾವ ವಾರ್ಡಿನಿಂದ ಬಂದದ್ದೆಂದು ಗೋಡೆಗೆ ನಿಂತ ಎಲ್ಲರಿಗೂ ಗೊತ್ತಿತ್ತು. ಅಜ್ಜಿಗೆ ನಗು ತಡೆಯಲಾಗದೆ ಕೆಮ್ಮು ಬಂತು.

ಅಕ್ಕನ ಬಾಗಿದ ಬೆರಳು ಪರದೆ ತುಂಬ ಬಂದು ನಿಂತಾಗ ಸೀಟಿ ಎರಡು ಬೆರಳು ಬಾಯಿಗಿಟ್ಟಳು. ಎದೆ ತುಂಬ ಉಸಿರೆಳೆದುಕೊಂಡಳು.

ಉದ್ದ ಸೀಟಿ.

ಮೆಷಿನ್ ಗದ್ದಲವನ್ನು ಸೀಳುವುದಕ್ಕೆ ಕಲಿತ ಸೀಟಿ ಅದು. ಹಾಡು ಸತ್ತುಹೋಯಿತು. ಯಾರೋ ದೀಪ ಹಾಕಿದರು. ಬೆಳಕಿನಲ್ಲಿ ಪರದೆ ಇನ್ನೂ ನಿಚ್ಚಳವಾಯಿತು. ಮುಂದಿನ ಸಾಲಿನವರು ಕುರ್ಚಿಯ ಸಮೇತ ಹಿಂದೆ ಸರಿದರು.

"ಏನಿದು ಅಸಹ್ಯ?" ಎಂದ ಅತಿಥಿ.

"ಒಗೆದದ್ದೇ ಸಾರ್, ಮುಟ್ಟಿ ನೋಡಿ," ಎಂದಳು ಅಕ್ಕ. ಅವಳು ಆಗಲೇ ಪರದೆಯ ಮುಂದೆ ನಿಂತಿದ್ದಳು. "ಇದು ಹೆರಿಗೆದು. ಇದು ಯಾರದೋ ಕಾಲು ಕತ್ತರಿಸಿದ್ದು. ಇದರೊಳಗೆ ಸೂಜಿ ಇತ್ತು." ಬಾಗಿದ ಬೆರಳನ್ನು ಆ ಕಲೆಗೆ ಒತ್ತಿದಳು. "ನೀವು ಈಗ ದೊಡ್ಡದಾಗಿ ನೋಡಿದ್ರಲ್ಲ, ಈ ಬೆರಳು ಬಾಗಿದ್ದು ಹಾಗೆ. ಇದೇ ಆಸ್ಪತ್ರೇಲಿ ಕೈ ಚಾಚಿದ್ರೆ ಹೊರಗೆ ಹೋಗು ಅಂದ್ರು. ಕೆಳಗೆ ಮೆಷಿನ್ ಇದೆ. ಕೆಟ್ಟಿದೆ. ಸಿನಿಮಾದಲ್ಲಿ ಬೆಳ್ಳಗೆ ಬೆಟ್ಟ ಇದೆಯಲ್ಲ, ಅದೇ. ಅದು ಓಡೋ ತನಕ ನಾವ್ಯಾರೂ ಇನ್ನು ರಕ್ತದ ಬಟ್ಟೆ ಮುಟ್ಟಲ್ಲ. ನಿಮಗೆ ಕೈಕೆಲಸ ಅಷ್ಟು ಇಷ್ಟವಾದ್ರೆ ನಿಮ್ಮ ಕೈ ತನ್ನಿ. ತೊಟ್ಟಿ ಖಾಲಿ ಇದೆ."

"ಇಳೀರಿ ಕೆಳಗೆ! ನಾಳೆಯಿಂದ ನಿಮಗ್ಯಾರಿಗೂ ಕೆಲಸ ಇಲ್ಲ!" ಇಸ್ತ್ರಿ ಸಾಹೇಬನ ದನಿ ಒಡೆದಿತ್ತು.

"ಅದನ್ನೇ ಸಾರ್ ನಾವೂ ಹೇಳಿದ್ದು," ಎಂದಳು ಅಜ್ಜಿ ಗೋಡೆಯ ಹತ್ತಿರದಿಂದ.

ಸೀಟಿ ಮೇಡಂ ಕಡೆ ನೋಡಿದಳು. ಅತ್ತಾಳೆಂದುಕೊಂಡಿದ್ದಳು, ಸಿಟ್ಟಾದಾಳೆಂದುಕೊಂಡಿದ್ದಳು. ಮೇಡಂ ಅಳುತ್ತಲೂ ಇದ್ದಳು. ಆದರೆ ಅಳುತ್ತಲೇ ಕ್ಯಾಮೆರಾದವನ ತೋಳು ಹಿಡಿದು ಎಳೆಯುತ್ತಿದ್ದಳು. "ಹಿಡಿ, ಹಿಡಿ, ಬೇಗ!" ಕ್ಯಾಮೆರಾ ಹೆಗಲೇರಿತು. ಕೆಂಪು ದೀಪ ಹತ್ತಿತು.

"ಅಕ್ಕಾ," ಎಂದಳು ಮೇಡಂ ಕಣ್ಣೀರಿನ ನಡುವೆ, ಬಹಳ ಪ್ರೀತಿಯಿಂದ. "ಎಂಥಾ ಮಾತು ಹೇಳಿದ್ರಿ! ಅದನ್ನೇ ಇನ್ನೊಂದ್ಸಲ ಹೇಳ್ತೀರಾ? ಬೆರಳು ಹಾಗೇ ಇಟ್ಕೊಂಡು?"

ಅಕ್ಕ ಬೆರಳು ಇಳಿಸಿದಳು.

ಸೀಟಿ ತನ್ನ ಮೈಮೇಲಿನ ನೀಲಿ ಕೋಟು ಬಿಚ್ಚಿದಳು. ನಿಧಾನವಾಗಿ ನಡೆದು ಹೋಗಿ ಅದನ್ನು ಕ್ಯಾಮೆರಾದ ಮೇಲೆ ಹೊದಿಸಿದಳು. ಮೆಷಿನ್‌ಗೆ ಹೊದಿಸಿದ ಹಾಗೆಯೇ, ಅಂಚು ಎಳೆದು, ನೆರಿಗೆ ಸರಿಮಾಡಿ.

"ಇದು ಬೇರೆ ಸಿನಿಮಾ, ಮೇಡಂ," ಎಂದಳು. "ಇದರಲ್ಲಿ ಇನ್ನೊಂದ್ಸಲ ಇರಲ್ಲ."

ಹೆಂಗಸರು ಒಬ್ಬೊಬ್ಬರಾಗಿ ಕೋಟು ಬಿಚ್ಚಿ ದಾನಿಗಳ ಕಾಲ ಬಳಿ ರಾಶಿ ಹಾಕಿದರು. ಒಗೆಯದೆಯೇ. ಆಮೇಲೆ ಲಿಫ್ಟಿನಲ್ಲಿ ಇಳಿದರು.

ಮೂರನೆಯ ದಿನ ಬೆಳಿಗ್ಗೆಯೂ ಲಾಂಡ್ರಿಯ ತೊಟ್ಟಿಗಳು ಒಣಗಿದ್ದವು. ಮೇಲಿನ ಮಹಡಿಗಳಿಂದ ಗಂಟುಗಳು ಬಂದು ಬಂದು ಬಾಗಿಲು ದಾಟಿ, ಹೆಣದ ಕೋಣೆ ದಾಟಿ, ಮೆಟ್ಟಿಲು ಹತ್ತಿ ನಿಂತಿದ್ದವು. ಹೊಸಬರನ್ನು ತರುತ್ತೇನೆಂದು ಹೋದ ಕಾಂಟ್ರಾಕ್ಟರು ಬರಿಗೈಯಲ್ಲಿ ಬಂದಿದ್ದ. ಕೂಲಿಗೆ ಒಪ್ಪಿದವರು ಬಾಗಿಲವರೆಗೆ ಬಂದು, ಮೂಗು ಮುಚ್ಚಿಕೊಂಡು, ತಿರುಗಿ ಹೋಗಿದ್ದರು. ವಾಸನೆ ಲಿಫ್ಟಿನ ಸಂದಿಯಿಂದ ಹಾಲ್‌ನವರೆಗೆ ಏರಿತ್ತು. ಈಗ ಅದು ಸಿನಿಮಾದಲ್ಲಿ ಬರುವ ಅಗತ್ಯವಿರಲಿಲ್ಲ.

ಹೆಂಗಸರು ಮೆಷಿನ್ ಮುಂದೆ ಕಾಲು ಚಾಚಿ ಕೂತಿದ್ದರು. ಅಕ್ಕನ ಬೆರಳಿಗೆ ಟಿಫಿನ್ ಚೀಲ ನೇತಾಡುತ್ತಿತ್ತು.

ಇಸ್ತ್ರಿ ಸಾಹೇಬ ಗಂಟುಗಳನ್ನು ದಾಟಿಕೊಂಡು ಬಂದ. ಅವನ ಅಂಗಿ ಮುದುಡಿತ್ತು. ಮುದುಡಿದ ಅಂಗಿಯಲ್ಲಿ ಅವನು ಇಷ್ಟು ಸಣ್ಣ ಮನುಷ್ಯನೆಂದು ಯಾರೂ ಗಮನಿಸಿರಲಿಲ್ಲ.

"ಆಪರೇಷನ್ನುಗಳು ನಿಂತಿವೆ," ಎಂದ. ದನಿಯಲ್ಲಿ ಗಂಜಿ ಇರಲಿಲ್ಲ. "ಇದನ್ನೆಲ್ಲ ಯಾರು ಒಗೀಬೇಕು ಹೇಳಿ?"

ಸೀಟಿ ಎದ್ದಳು. ಮೆಷಿನ್ ಮೇಲೆ ಇನ್ನೂ ಹಾಗೇ ಇದ್ದ ಬಿಳಿ ಬಟ್ಟೆಯ ತುದಿ ಹಿಡಿದು ಒಮ್ಮೆಲೇ ಎಳೆದು ಹಾಕಿದಳು. ಬಾಗಿಲು ತೆರೆದ ಮೆಷಿನ್‌ನ ಬಾಯಿ ಅವನ ಮುಖದ ನೇರಕ್ಕೇ ಇತ್ತು.

"ಇದು," ಎಂದಳು.